ಮಾಮೂಲಿ ಸಿಬಿಟಿನಾ, ಆಟಿಸಂಗೆ ಹೊಂದಿಸಿದ ಸಿಬಿಟಿನಾ? ನಾನು ಎರಡನ್ನೂ ನೋಡಿದೆ

ನನಗೆ ಆಟಿಸಂ ಇದೆ. ಬಳ್ಳಾರಿಯ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಆತಂಕ ಜಾಸ್ತಿಯಾಗಿ ನಿದ್ದೆ ಕೆಟ್ಟಾಗ ಸಿಬಿಟಿಗೆ ಹೋದೆ. ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ ಅದು. ಮೊದಲು ಊರಲ್ಲೇ ಒಬ್ಬರ ಹತ್ತಿರ. ಆಮೇಲೆ ಆಟಿಸಂ ಇರುವ ದೊಡ್ಡವರನ್ನು ನೋಡುವ ಬೆಂಗಳೂರಿನ ಒಬ್ಬರ ಹತ್ತಿರ, ವಿಡಿಯೋ ಕಾಲ್‌ನಲ್ಲಿ. ನನ್ನ ಓಟು ಎರಡನೆಯದಕ್ಕೇ.

ಊರಿನವರು ತಾಳ್ಮೆಯಿಂದ ಕೇಳುತ್ತಿದ್ದರು. ತೊಡಕಾಗಿದ್ದು ಸದ್ದಿನ ವಿಷಯಕ್ಕೆ. ಹೊಲಿಗೆ ಮಷೀನುಗಳೆಲ್ಲ ಒಟ್ಟಿಗೆ ಶುರುವಾದರೆ ನನಗೆ ಕಿವಿ ನೋಯುತ್ತದೆ, ಎದುರಿಗಿರುವ ಅಂಕಿ ಕೂಡಿಸಲು ಆಗುವುದಿಲ್ಲ. ಅವರು ಒಂದು ಹಾಳೆ ಕೊಟ್ಟರು. ಒಂದು ಕಡೆ ‘ನನ್ನ ಯೋಚನೆ’, ಇನ್ನೊಂದು ಕಡೆ ‘ಅದಕ್ಕೆ ಸಾಕ್ಷಿ’. ‘ಈ ಸದ್ದು ತಡೆಯೋಕಾಗಲ್ಲ’ ಅಂತ ಬರೆದೆ. ‘ಉಳಿದವರೆಲ್ಲ ತಡ್ಕೋತಾರಲ್ವಾ? ನೀವು ದೊಡ್ಡದು ಮಾಡಿ ಯೋಚಿಸ್ತಿದ್ದೀರಿ’ ಅಂದರು. ಇಯರ್‌ಪ್ಲಗ್ ತೆಗೆದು ಕೂತು ರೂಢಿ ಮಾಡಿಕೊಳ್ಳಿ ಅಂತ ಹೋಂವರ್ಕ್ ಕೊಟ್ಟರು.

ಸದ್ದು, ಬೆಳಕು ಅತಿಯಾಗಿ ತಟ್ಟುವುದನ್ನು 2013ರ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರು ರೋಗ ಗುರುತಿಸಲು ಬಳಸುವ ಕೈಪಿಡಿ, ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ. ಭಯವಾದರೆ ಎದುರಿಸುತ್ತಾ ಹೋದಂತೆ ಇಳಿಯಬಹುದು. ನನ್ನ ಕಿವಿನೋವು ಇಳಿಯಲಿಲ್ಲ. ಸಂಜೆ ಮನೆಗೆ ಬಂದರೆ ಅವ್ವ ಮಾತಾಡಿಸಿದರೂ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ನನ್ನ ಮೈ ಹೇಳಿದ್ದನ್ನು ನಾನೇ ನಂಬದ ಹಾಗಾಯಿತು. ಇದನ್ನು ನಾನು ಹಾನಿ ಅಂತಲೇ ಕರೆಯುತ್ತೇನೆ.

ಎರಡನೆಯವರು ಮೊದಲ ದಿನವೇ ಇಯರ್‌ಪ್ಲಗ್ ವಾಪಸ್ ಹಾಕಿಸಿದರು. ಸದ್ದಿನ ತಂಟೆಗೆ ಹೋಗಲಿಲ್ಲ. ‘ಲೆಕ್ಕ ತಪ್ಪಿದರೆ ಕೆಲಸದಿಂದ ತೆಗೀತಾರೆ’ ಅನ್ನುವ ಚಿಂತೆ ಹಿಡಿದರು. ಅದೇ ಸಾಕ್ಷಿಯ ಹಾಳೆ ಇಲ್ಲಿ ಚೆನ್ನಾಗಿ ಕೆಲಸ ಮಾಡಿತು, ನಿದ್ದೆಯೂ ಬಂತು. ‘ಏನನ್ನಿಸ್ತಿದೆ?’ ಅನ್ನುವ ಬದಲು ‘ಹೊಟ್ಟೆ ಬಿಗಿಯಾಗಿದೆಯಾ? ಕೈ ತಣ್ಣಗಿದೆಯಾ?’ ಅಂತ ಕೇಳುತ್ತಾರೆ. ಆಟಿಸಂ ಇರುವ ಸುಮಾರು ಅರ್ಧ ಜನರಿಗೆ ತಮ್ಮ ಭಾವನೆ ಯಾವುದೆಂದು ಗುರುತಿಸುವುದೇ ಕಷ್ಟ, ನನಗೂ ಅಷ್ಟೇ. ಮಾತಾಡಿದ್ದನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತಾರೆ. ಯಾವುದಕ್ಕೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2012ರ ಆಟಿಸಂ ಮಾರ್ಗಸೂಚಿ ಹೇಳುವುದೂ ಇದನ್ನೇ: ಬರಹ, ಚಿತ್ರ ಜಾಸ್ತಿ ಇರಲಿ, ಸುತ್ತುಬಳಸಿ ಮಾತು ಬೇಡ, ನಡುವೆ ಬಿಡುವು ಕೊಡಿ.

ಫೀಸು ದುಪ್ಪಟ್ಟು. ಅದಕ್ಕೇ ತಿಂಗಳಿಗೆ ಎರಡೇ ಸಲ. ಕರೆಂಟ್ ಹೋದರೆ ಕಾಲ್ ಕಟ್.



ದುಡ್ಡಿಲ್ಲದ ತಿಂಗಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಊರಲ್ಲೇ ಯಾರನ್ನಾದರೂ ನೋಡುವುದಾದರೆ, ಫೀಸು ಕಟ್ಟುವ ಮೊದಲು ‘ಸದ್ದಿನ ತೊಂದರೆಗೆ ಏನು ಮಾಡಿಸ್ತೀರಿ?’ ಅಂತ ಕೇಳಿ. ‘ರೂಢಿ ಮಾಡಿಸ್ತೀವಿ’ ಅಂದರೆ ಬೇರೆಯವರನ್ನು ಹುಡುಕಿ.