ಗಟ್ಟಿ ಬೂಟಿನಲ್ಲಿ ಸಹಸ್ರಲಿಂಗ, ಹಂಟರ್ ಶೂನಲ್ಲಿ ಉಂಚಳ್ಳಿ

ಬೂಟು ಮನೆಗೆ ಬಂದ ದಿನ ಭಾವ ಅದನ್ನು ಕೈಗೆತ್ತಿಕೊಂಡು, ತೆಂಗಿನಕಾಯಿ ಬಡಿದು ನೋಡುವ ಹಾಗೆ ಬೆರಳಿನಿಂದ ಟಕ್ ಟಕ್ ಎಂದು ಬಡಿದ. "ಕೂಸೇ, ಇದು ಹಾಕ್ಯಂಬ ಶೂವೋ, ಕಾಲು ತುಂಬಿಡ ಡಬ್ಬಿಯೋ?"

2023ರ ನವೆಂಬರ್. ಬೆಂಗಳೂರಿನ ಅಂಗಡಿಯೊಂದರಲ್ಲಿ ಆರು ಸಾವಿರ ಚಿಲ್ಲರೆ ಕೊಟ್ಟು ತಂದ ಕಪ್ಪು ಚರ್ಮದ ಬೂಟು. ಕಾಲ್ಗಂಟು ಮುಚ್ಚುವಷ್ಟು ಎತ್ತರ, ಲೇಸಿಗೆ ಎಂಟು ಜೊತೆ ತೂತು, ಅಟ್ಟೆಯ ಸುತ್ತ ಎದ್ದು ಕಾಣುವ ದಪ್ಪ ಹೊಲಿಗೆ. ಚಂದಕ್ಕೇ ತಗೊಂಡದ್ದು, ಸುಳ್ಳು ಹೇಳುವುದಿಲ್ಲ. ಆದರೆ ಅಂಗಡಿಯವನು "ಎಷ್ಟು ದೂರ ಬೇಕಾದರೂ ನಡೀರಿ ಮೇಡಂ" ಅಂದಿದ್ದ. ಮನೆಯಿಂದಲೇ ಕೆಲಸ ಮಾಡುವ ನನಗೆ ಶಿರಸಿಯಲ್ಲಿ ನಡಿಗೆಯೇ ಹುಚ್ಚು. ಸರಿ, ಆ ಮಾತನ್ನೇ ಪರೀಕ್ಷೆಗೆ ಹಚ್ಚೋಣ ಅಂದುಕೊಂಡೆ.

ಎದುರಾಳಿಗಳು ಎರಡು. ಒಂದು, ಎರಡು ವರ್ಷದಿಂದ ಹಾಕುತ್ತಿದ್ದ ನನ್ನ ಸ್ಪೋರ್ಟ್ಸ್ ಶೂ. ಇನ್ನೊಂದು ಹಂಟರ್ ಶೂ. ದಪ್ಪ ಕ್ಯಾನ್ವಾಸ್ ಬಟ್ಟೆ, ಹಲ್ಲುಹಲ್ಲಾದ ರಬ್ಬರ್ ಅಟ್ಟೆ, ಐನೂರರ ಆಸುಪಾಸು ಬೆಲೆ. ಕಾಡು ತಿರುಗುವವರ ಕಾಲಲ್ಲಿ ಕಾಣುವಂಥದ್ದು. ಮೂರನೆಯದಾಗಿ ರಬ್ಬರ್ ಚಪ್ಪಲಿ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾನಾಗಿಯೇ ನಡುವೆ ಬಂದು ಸೇರಿಕೊಂಡಿತು.

ಮೊದಲು ಅಡಿಕೆ ತೂಗುವ ತಕ್ಕಡಿಗೆ ಹಾಕಿದೆವು. ಬೂಟಿನ ಜೋಡಿ 1 ಕೆಜಿ 350 ಗ್ರಾಂ. ಹಂಟರ್ 900 ಗ್ರಾಂ. ಸ್ಪೋರ್ಟ್ಸ್ ಶೂ 540. ಅಂದರೆ ಒಂದೊಂದು ಕಾಲಿಗೆ ಬೂಟು ಸ್ಪೋರ್ಟ್ಸ್ ಶೂಗಿಂತ 405 ಗ್ರಾಂ ಹೆಚ್ಚು ಭಾರ. ಕೇಳಲು ಏನೂ ಅಲ್ಲ. ಆದರೆ 17 ಕಿಮೀ ನಡೆದರೆ ನನ್ನ ಹೆಜ್ಜೆಗೆ ಹತ್ತಿರಹತ್ತಿರ 24,000 ಹೆಜ್ಜೆ, ಒಂದೊಂದು ಕಾಲಿಗೆ 12,000 ಸಲ ಎತ್ತುವ ಕೆಲಸ. ಕಾಲಿನ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ಐದು ಕಿಲೋಗೆ ಸಮ ಎಂದು ಚಾರಣಿಗರು ಹೇಳುವುದುಂಟು. ಆ ಮಾತು ತೊಡೆಗೆ ಅರ್ಥವಾಗಲು ಸಹಸ್ರಲಿಂಗದ ದಾರಿಯಲ್ಲಿ ಭೈರುಂಬೆ ಎಂಬ ಊರು ದಾಟಬೇಕಾಯಿತು.

ಅದಕ್ಕೂ ಮುಂಚೆ ಬೂಟನ್ನು ಪಳಗಿಸುವ ಕೆಲಸವಿತ್ತು. ಮೊದಲ ದಿನ ದೇವಿಕೆರೆವರೆಗೆ ಹೋಗಿ ಬಂದದ್ದಕ್ಕೇ ಎರಡೂ ಹಿಮ್ಮಡಿ ಕಚ್ಚಿಸಿಕೊಂಡೆ. ಚರ್ಮ ಗಟ್ಟಿ, ಅದಕ್ಕೇ ಕಚ್ಚುತ್ತದೆ ಎಂದು ಆಯಿ ಕೊಬ್ಬರಿ ಎಣ್ಣೆ ಹಚ್ಚಿದಳು. ಎಣ್ಣೆ ಒಳಗೆ ಇಳಿಯಲೇ ಇಲ್ಲ. ಈ ಬಗೆಯ ಮಿರಿಮಿರಿ ಚರ್ಮದ ಮೇಲೆ ಪ್ಲಾಸ್ಟಿಕ್ಕಿನಂಥ ತೆಳು ಲೇಪ ಇರುತ್ತದೆ. ಎಣ್ಣೆ ಅದರ ಮೇಲೇ ಕೂತು ಶಿರಸಿಯ ಕೆಂಧೂಳನ್ನೆಲ್ಲ ಹಿಡಿದುಕೊಂಡಿತು. ಕೊನೆಗೆ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಜ್ಜನಿಗೆ ತೋರಿಸಿದೆ. ಆತ ಹಿಮ್ಮಡಿಯ ಕಡೆ ನೋಡಲೇ ಇಲ್ಲ. ಬೂಟಿನ ಮೂತಿ ಒಂದು ಕೈಲಿ, ಹಿಂಭಾಗ ಇನ್ನೊಂದು ಕೈಲಿ ಹಿಡಿದು ಅಟ್ಟೆಯನ್ನು ಮಡಚತೊಡಗಿದ. "ಎಣ್ಣೆ ಚರ್ಮಕ್ಕೆ. ಕಚ್ಚೋದು ಅಟ್ಟೆ, ತಂಗಿ."

ಕೂತು ಯೋಚಿಸಿದರೆ ಆತನ ಮಾತು ಸರಿ. ನಡೆಯುವಾಗ ಪಾದ ಬೆರಳುಗಳ ಬುಡದಲ್ಲಿ ಮಡಚುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಅಟ್ಟೆಯೂ ಅಲ್ಲೇ ಮಡಚಿದರೆ ಬೂಟಿನ ಹಿಂಭಾಗ ಹಿಮ್ಮಡಿಯ ಜೊತೆಗೇ ಏಳುತ್ತದೆ. ಅಟ್ಟೆ ಹಲಗೆಯ ಹಾಗಿದ್ದರೆ ಹಿಮ್ಮಡಿ ಮಾತ್ರ ಏಳುತ್ತದೆ, ಬೂಟು ಕೆಳಗೇ ಉಳಿಯುತ್ತದೆ. ಹೆಜ್ಜೆಗೊಂದು ಸಲ ಉಜ್ಜಾಟ, ಜೊತೆಗೆ ಬೆವರಿನ ಒದ್ದೆ. ನೀರ್ಗುಳ್ಳೆ ಏಳಲು ಇನ್ನೇನು ಬೇಕು? ಆಮೇಲೆ ಮೂರು ವಾರ ಸಂಜೆ ಟೀವಿ ನೋಡುತ್ತ ಬೂಟು ಮಡಚುವುದೇ ನನ್ನ ಕಸುಬಾಯಿತು. ತೆಳು ನೈಲಾನ್ ಸಾಕ್ಸಿನ ಮೇಲೆ ದಪ್ಪ ಸಾಕ್ಸ್ ಹಾಕಿದೆ, ಉಜ್ಜಾಟ ಎರಡು ಸಾಕ್ಸುಗಳ ನಡುವೆಯೇ ಮುಗಿಯಲಿ ಎಂದು. ಲೇಸನ್ನು ಪಾದದ ಮೇಲೆ ಸಡಿಲ ಬಿಟ್ಟು ಕಾಲ್ಗಂಟಿನ ಹತ್ತಿರ ಬಿಗಿದೆ. ನಾಲ್ಕನೇ ವಾರ ಕಚ್ಚುವುದು ನಿಂತಿತು. ಸ್ಪೋರ್ಟ್ಸ್ ಶೂಗೆ ಇಂಥ ದೀಕ್ಷೆ ಏನೂ ಬೇಕಿರಲಿಲ್ಲ. ಅಂಗಡಿಯಿಂದಲೇ ಹಾಕಿಕೊಂಡು ಬಂದಿದ್ದೆ.

ಇಲ್ಲೊಂದು ತಮಾಷೆಯಿದೆ. ಈ ಆಕಾರದ ಬೂಟಿನ ಮೂಲ ಹುಡುಕಿದರೆ ಸಿಗುವುದು ನೋವಿನ ಕಾಲು. ಕ್ಲೌಸ್ ಮಾರ್ಟೆನ್ಸ್ ಎಂಬ ಜರ್ಮನ್ ಸೇನಾ ವೈದ್ಯರು 1945ರಲ್ಲಿ ಹಿಮದಲ್ಲಿ ಜಾರುವ ಆಟ ಆಡುವಾಗ ಕಾಲ್ಗಂಟಿಗೆ ಪೆಟ್ಟು ಮಾಡಿಕೊಂಡರು. ಸೈನ್ಯದ ಗಟ್ಟಿ ಬೂಟು ಹಾಕಲಾಗದೆ, ಗಾಳಿ ತುಂಬಿದ ಮೆತ್ತನೆ ಅಟ್ಟೆಯ ಬೂಟನ್ನು ತಾವೇ ಮಾಡಿಕೊಂಡರು. ಅದರ ಹಕ್ಕು ಇಂಗ್ಲೆಂಡಿನ ಗ್ರಿಗ್ಸ್ ಕುಟುಂಬದ ಕೈಗೆ ಹೋಗಿ, 1960ರ ಏಪ್ರಿಲ್ 1ರಂದು ಎಂಟು ತೂತಿನ ಡಾಕ್ಟರ್ ಮಾರ್ಟೆನ್ಸ್ ಬೂಟು ಹೊರಬಂತು. ಆ ದಿನಾಂಕವೇ 1460 ಎಂದು ಅದರ ಹೆಸರಾಯಿತು. ಅಂಚೆಯವರು, ಪೊಲೀಸರು, ಕಾರ್ಖಾನೆ ಕೆಲಸದವರು, ದಿನವಿಡೀ ಕಾಲ ಮೇಲಿರುವವರು ಕೊಳ್ಳುತ್ತಿದ್ದ ಬೂಟು ಅದು. ಆಮೇಲೆ ಸಂಗೀತದ ಹುಡುಗರು ಹಾಕಿದರು, ಫ್ಯಾಶನ್ ಆಯಿತು. ನನ್ನದು ಆ ಕಂಪನಿಯದಲ್ಲ, ಅದರ ನೆರಳು ಹಿಡಿದು ಹೊಲಿದ ಬೇರೆ ಯಾವುದೋ. ನೆರಳಿನಲ್ಲಿ ಹೊಲಿಗೆ ಬಂದಿದೆ, ಗಾಳಿ ಬಂದಿಲ್ಲ.

ಜನವರಿಯ ಎರಡು ಭಾನುವಾರ, ಒಂದೇ ದಾರಿ: ಶಿರಸಿಯಿಂದ ಯಲ್ಲಾಪುರ ರಸ್ತೆಯಲ್ಲಿ ಸಹಸ್ರಲಿಂಗ, ಸುಮಾರು 17 ಕಿಮೀ. ಬೆಳಿಗ್ಗೆ ಆರಕ್ಕೆ ಹೊರಡುವುದು, ವಾಪಸು ಭಾವನ ಬೈಕು. ಮೊದಲ ವಾರ ಬೂಟು. ಮಂಜು ಸುರಿಯುತ್ತಿತ್ತು, ಟಾರು ರಸ್ತೆ, ಕಾಲು ಬೆಚ್ಚಗೆ. ಮೊದಲ ಎಂಟು ಕಿಮೀ ನಿಜಕ್ಕೂ ಸುಖ. ಗಟ್ಟಿ ಅಟ್ಟೆ ಅಂಗಾಲನ್ನು ಹಿಡಿದುಕೊಳ್ಳುತ್ತದೆ, ರಸ್ತೆ ಬದಿಯ ಜಲ್ಲಿಯ ಮೇಲೆ ಕಾಲಿಟ್ಟರೂ ಚುಚ್ಚುವುದಿಲ್ಲ, ನಡಿಗೆಗೆ ಒಂದು ಠೀವಿ ಬರುತ್ತದೆ. ಅಂಗಡಿಯವನನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ಭೈರುಂಬೆ ದಾಟಿದ ಮೇಲೆ ಮೊದಲು ತೊಡೆ, ಆಮೇಲೆ ಅಂಗಾಲು ದೂರು ಹೇಳತೊಡಗಿದವು. ಇದು ಕಚ್ಚುವ ನೋವಲ್ಲ. ಕಲ್ಲುಚಪ್ಪಡಿಯ ಮೇಲೆ ದಿನವಿಡೀ ನಿಂತ ಹಾಗೆ, ಕೆಳಗಿನಿಂದ ಕುಟ್ಟುವ ನೋವು. ಬಿಸಿಲೇರಿ ಪಾದ ಊದಿಕೊಂಡಿತು. ಚರ್ಮ ಮಾತ್ರ ಬೆಳಗಿನ ಅಳತೆಯನ್ನೇ ಹಿಡಿದು ಕೂತಿತ್ತು. ಕಿರುಬೆರಳು ಬಲಿಯಾಯಿತು. ಶಾಲ್ಮಲೆಯ ನೀರಿನಲ್ಲಿ, ಲಿಂಗ ಕೆತ್ತಿದ ಬಂಡೆಗಳಿಗೆ ತುಸು ದೂರದಲ್ಲಿ ಕಾಲು ಇಳಿಬಿಟ್ಟು ಕೂತಾಗ ಏಳುವ ಮನಸ್ಸೇ ಇರಲಿಲ್ಲ.

ಮುಂದಿನ ವಾರ ಸ್ಪೋರ್ಟ್ಸ್ ಶೂ. ಅದರ ಬಗ್ಗೆ ಹೇಳುವಂಥದ್ದೇನೂ ನಡೆಯಲಿಲ್ಲ, ಅದೇ ಅದರ ಗುಣ. ಅರ್ಧ ಗಂಟೆ ಬೇಗ ಮುಟ್ಟಿದೆ. ಊದಿದ ಪಾದಕ್ಕೆ ಜಾಲರಿ ಬಟ್ಟೆ ಜಾಗ ಬಿಟ್ಟುಕೊಟ್ಟಿತು. ಜಲ್ಲಿ ಮಾತ್ರ ಚುಚ್ಚಿತು.

ಎರಡನ್ನೂ ಒಟ್ಟಿಗೆ ಅಳೆಯೋಣ ಎಂದು ಒಂದು ಸಂಜೆ ಬಲಗಾಲಿಗೆ ಬೂಟು, ಎಡಗಾಲಿಗೆ ಸ್ಪೋರ್ಟ್ಸ್ ಶೂ ಹಾಕಿ ಅಂಗಳದಲ್ಲಿ ತಿರುಗಿದೆ. ಅಟ್ಟೆಯ ಎತ್ತರ ಬೇರೆಬೇರೆ, ಕುಂಟಿದ್ದಷ್ಟೇ ಲಾಭ. ಆಯಿ ಇನ್ನೂ ಅದನ್ನು ನೆಂಟರಿಗೆ ಹೇಳಿ ನಗುತ್ತಾಳೆ.

ಬೂಟು ಗೆದ್ದ ಜಾಗ ನಾನು ಎಣಿಸದೇ ಇದ್ದದ್ದು. 2024ರ ಮಾರ್ಚಿನಲ್ಲಿ ಮಾರಿಕಾಂಬೆ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡ್ಕಿಬೈಲಿನಲ್ಲಿ ಕಾಲಿಡಲು ಜಾಗವಿಲ್ಲ. ತೊಟ್ಟಿಲು, ಬಳೆ ಅಂಗಡಿ, ನಾಟಕದ ಟೆಂಟು ಎಂದು ನಾಲ್ಕು ಗಂಟೆ ಅಲೆದರೂ ನನ್ನ ಬೆರಳು ತುಳಿದವರ ಕಾಲೇ ನೊಂದಿರಬೇಕು. ರಬ್ಬರ್ ಚಪ್ಪಲಿ ಹಾಕಿದ್ದ ಅಕ್ಕ ಒಂದು ಚಪ್ಪಲಿ ಕಳೆದುಕೊಂಡು ಮನೆಗೆ ಬಂದಳು. ಹತ್ತು ಹೆಜ್ಜೆ ನಡೆ, ಐದು ನಿಮಿಷ ನಿಲ್ಲು ಎಂಬಂಥ ಕಡೆ ಗಟ್ಟಿ ಬೂಟಿನಷ್ಟು ಆರಾಮ ಬೇರೆಯಿಲ್ಲ.

ಆದರೆ ನಮ್ಮ ಕಡೆ ನಡಿಗೆ ಎಂದರೆ ಬರೀ ನಡಿಗೆಯೇ? ದೇವಸ್ಥಾನದ ಬಾಗಿಲು, ಮನೆಯ ಜಗಲಿ, ಎಲ್ಲೆಲ್ಲೂ ಕಳಚಬೇಕು. ಎಂಟು ತೂತಿನ ಲೇಸು ಬಿಚ್ಚಿ, ಮತ್ತೆ ಸರಿಯಾಗಿ ಬಿಗಿಯಲು ನನಗೆ ನಾಲ್ಕು ನಿಮಿಷ. ಮದುವೆ ಕರೆಯಲು ಒಂದು ದಿನ ಆರು ಮನೆಗೆ ಹೋಗಿದ್ದೆ: ಇಪ್ಪತ್ತನಾಲ್ಕು ನಿಮಿಷ ಜಗಲಿಯ ಮೆಟ್ಟಿಲ ಮೇಲೇ ಕಳೆಯಿತು. ನಾಲ್ಕನೇ ಮನೆಯ ಹಿರಿಯರು ಬಾಗಿಲಲ್ಲೇ ಲೋಟ ಹಿಡಿದು ಕಾದರು, ಕುಡಿಯಲು ತಂದ ಆಸರಿ ಆರಿಹೋಯಿತು. ಪಕ್ಕದಲ್ಲಿ ಜಿಪ್ ಇರುವ ಬೂಟು ತಗೊಳ್ಳಬೇಕಿತ್ತು. ಹಂಟರ್ ಶೂನದ್ದೂ ಲೇಸಿನ ಗೋಳೇ, ಸ್ವಲ್ಪ ಕಡಿಮೆ.

ಸಮುದ್ರದ ಕಡೆಯ ತೀರ್ಪಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ಬೀಚಿನವರೆಗಿನ ಗುಡ್ಡದ ಕಾಲುದಾರಿ. ಚಿರೆಕಲ್ಲಿನ ಮೇಲೆ ಸಣ್ಣ ಹರಳುಕಲ್ಲು ಉರುಳುವ ಕಡೆ ಬೂಟಿನ ನುಣುಪು ಅಟ್ಟೆ ಜಾರಿತು. ಎತ್ತರದ ಬೂಟು ಕಾಲ್ಗಂಟನ್ನು ಕಾಯುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ಅಟ್ಟೆ ನೆಲವನ್ನು ಹಿಡಿದರೆ ಮಾತ್ರ ನಿಜ. ಮರಳಿಗಿಳಿದರೆ ಹೂತುಕೊಳ್ಳುವ ಭಾರ. ಓಂ ಬೀಚಿನಲ್ಲಿ ಬೂಟು ಬಿಚ್ಚಿ ಕುತ್ತಿಗೆಗೆ ನೇತುಹಾಕಿಕೊಂಡು ಚೀಲದಲ್ಲಿದ್ದ ರಬ್ಬರ್ ಚಪ್ಪಲಿ ಹಾಕಿದೆ. ಅದೇ ಹೊತ್ತಿಗೆ ತಲೆಯ ಮೇಲೆ ಬುಟ್ಟಿ ಹೊತ್ತ ಹಾಲಕ್ಕಿ ಹೆಂಗಸೊಬ್ಬರು ಬರಿಗಾಲಲ್ಲಿ ನನ್ನನ್ನು ದಾಟಿ ಗುಡ್ಡ ಹತ್ತಿಹೋದರು. ಅವರದೇ ಸಮುದಾಯದ, ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೂ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಪಡೆದದ್ದು ನೆನಪಾಯಿತು. ಕುತ್ತಿಗೆಯಲ್ಲಿ ಆರು ಸಾವಿರದ ಬೂಟು ಜೋಲಾಡುತ್ತಿತ್ತು.

ನಿಜವಾದ ಪರೀಕ್ಷೆ ಸೆಪ್ಟೆಂಬರಿನಲ್ಲಿ. ಹೆಗ್ಗರಣೆಯಿಂದ ಉಂಚಳ್ಳಿ ಜಲಪಾತಕ್ಕೆ ಸುಮಾರು 5 ಕಿಮೀ. ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುವ ಜಾಗ. ವಾಹನ ಹೋಗುತ್ತದೆ, ನಾವು ನಡೆದೆವು. ಬೂಟಿನಲ್ಲಿ ಹೋದ ದಿನ ಇಳಿಜಾರಿನ ಮೆಟ್ಟಿಲುಗಳೇ ಶತ್ರುಗಳಾದವು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಗಟ್ಟಿ ಮೂತಿಗೆ ಹೋಗಿ ಗುದ್ದುತ್ತದೆ, ಮೆಟ್ಟಿಲಿಗೊಂದು ಗುದ್ದು. ಪಾಚಿ ಹಿಡಿದ ಕಲ್ಲಿನ ಮೇಲೆ ಎರಡು ಸಲ ಕೂತೆ. ಉಂಬಳಗಳಿಗೆ, ಅಂದರೆ ರಕ್ತ ಹೀರುವ ಜಿಗಣೆಗಳಿಗೆ, ಎತ್ತರದ ಬೂಟು ಏನೂ ಅಡ್ಡಿಯಲ್ಲ. ನಾಲಗೆಯ ಪಕ್ಕದ ಸಂದಿಯಿಂದ ನುಸುಳಿ ಒಳಗೆ ಆರಾಮಾಗಿ ಊಟ ಮುಗಿಸಿದ್ದವು. ಒಳಗೆ ನುಗ್ಗಿದ ಮಳೆನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಪಚಪಚ ಸದ್ದು. ಹೆಬ್ಬೆರಳಿನ ಉಗುರು ಕಪ್ಪಾಗಿ ದೀಪಾವಳಿ ಹೊತ್ತಿಗೆ ಉದುರಿತು.

ಹತ್ತು ದಿನ ಬಿಟ್ಟು ಹಂಟರ್ ಶೂನಲ್ಲಿ ಅದೇ ದಾರಿ. ಚಂದದ ಮಾತೇ ಬೇಡ. ಒಳಗಿನ ಮೆತ್ತೆ ರೊಟ್ಟಿಯಷ್ಟು ತೆಳು, ಟಾರು ರಸ್ತೆಯಲ್ಲಿ ಹಿಮ್ಮಡಿ ಕುಟ್ಟುತ್ತದೆ. ನಾನು ಬೇರೆ ಮೆತ್ತೆ ಸೇರಿಸಿಕೊಂಡೆ. ಆದರೆ ಪಾಚಿಯ ಮೇಲೂ ಹಲ್ಲು ಕಚ್ಚಿ ನಿಲ್ಲುತ್ತದೆ, ಬಟ್ಟೆ ಪಾದದ ಜೊತೆ ಬಾಗುತ್ತದೆ, ಹೊಕ್ಕ ನೀರು ಹೆಜ್ಜೆಹೆಜ್ಜೆಗೂ ಹಿಂಡಿ ಹೊರಗೆ ಹೋಗುತ್ತದೆ. ಉಂಬಳಕ್ಕೆ ಸಾಕ್ಸಿನ ಅಂಚಿಗೆ ಹೊಗೆಸೊಪ್ಪಿನ ನೀರು ಹಚ್ಚಿದ್ದೆ. ಎರಡೇ ಹತ್ತಿದವು.

ಮನೆಗೆ ಬಂದ ಮೇಲಿನ ಕತೆ ಯಾರೂ ಹೇಳುವುದಿಲ್ಲ, ನಮ್ಮ ಮಳೆಗಾಲದಲ್ಲಿ ಅದೇ ಮುಖ್ಯ. ಹಂಟರ್ ಶೂವನ್ನು ಸೋಪು ಹಾಕಿ ಉಜ್ಜಿ ಕಟ್ಟೆಯ ಮೇಲೆ ಬೋರಲು ಹಾಕಿದರೆ ಎರಡು ದಿನಕ್ಕೆ ಒಣಗುತ್ತದೆ. ಬೂಟು ಐದು ದಿನವಾದರೂ ಒಳಗೆ ತಣ್ಣಗೇ ಇತ್ತು. ತಾಳ್ಮೆಗೆಟ್ಟು ಬಚ್ಚಲ ಒಲೆಯ ಪಕ್ಕ ಇಟ್ಟೆ. ತಪ್ಪು ನನ್ನದೇ. ಬೆಂಕಿಯ ಕಾವಿಗೆ ಚರ್ಮ ಬಿರುಸಾಗಿ ಬೆರಳು ಮಡಚುವ ಜಾಗದಲ್ಲಿ ಸೀಳು ಬಂತು, ನಾಲ್ಕು ವಾರ ಪಳಗಿಸಿದ್ದೆಲ್ಲ ಒಂದು ರಾತ್ರಿಗೆ ಹೋಯಿತು. ಒಳಗೆ ಹಳೇ ಪೇಪರ್ ತುರುಕಿ, ಹೊತ್ತುಹೊತ್ತಿಗೆ ಬದಲಿಸುತ್ತ, ಗಾಳಿಯಾಡುವ ನೆರಳಲ್ಲಿ ಬಿಡಬೇಕಿತ್ತು. ಪೆಟ್ಟಿಗೆಯಲ್ಲಿಟ್ಟರೆ ಅದೂ ಆಗುವುದಿಲ್ಲ. ಹದಿನೈದು ದಿನಕ್ಕೆ ಬಿಳಿ ಬೂಸ್ಟು.

ಈಗಲೂ ಅಂಥ ಬೂಟು ಬೇಕೇ ಬೇಕು ಎನ್ನುವವರು ಸಂಜೆ ಹೊತ್ತು ಅಂಗಡಿಗೆ ಹೋಗಿ, ಪಾದ ಊದಿರುವಾಗ, ದಪ್ಪ ಸಾಕ್ಸ್ ಹಾಕಿಕೊಂಡು ನೋಡಿ. ಬೂಟನ್ನು ಕೈಯಲ್ಲಿ ಮಡಚಿ. ಎರಡೂ ಕೈಯ ಬಲ ಹಾಕಿದರೂ ಬಗ್ಗದಿದ್ದರೆ ತಿಂಗಳು ಪಳಗಿಸುವ ತಾಳ್ಮೆ ಇದೆಯೇ ಎಂದು ಲೆಕ್ಕ ಹಾಕಿ. ಎಂಟು ಕಿಮೀ ಒಳಗಿನ ಒಣ ರಸ್ತೆಗೆ ನಾನು ಈಗಲೂ ಅದನ್ನೇ ಹಾಕುತ್ತೇನೆ.

ಮುಂದಿನ ತಿಂಗಳು ಬನವಾಸಿಗೆ ನಡೆದು ಹೋಗುವ ಯೋಚನೆ ಇದೆ, ಇಪ್ಪತ್ತು ಚಿಲ್ಲರೆ ಕಿಮೀ. ಸ್ಪೋರ್ಟ್ಸ್ ಶೂ ತೊಳೆದು ಬಿಸಿಲಿಗೆ ಇಟ್ಟಾಗಿದೆ. ಬೂಟಿನ ಸೀಳಿಗೆ ಹಳೇ ಬಸ್ ಸ್ಟ್ಯಾಂಡಿನ ಅಜ್ಜ ಒಳಗಿನಿಂದ ತೇಪೆ ಹಾಕಿಕೊಟ್ಟಿದ್ದಾನೆ. ಮುಂದಿನ ಜಾತ್ರೆಗೆ ಅದೇ. ಅಕ್ಕ ಈಗಲೇ ಕೇಳಿಟ್ಟಿದ್ದಾಳೆ, ಒಂದು ದಿನ ತನಗೂ ಬೇಕಂತೆ.