ಖಾರಾ ಬ್ರೆಡ್ ಸುಟ್ಟು ನೋಡಿದ ಮೇಲೆ: 28 ಲೀಟರಿನ ಓಟಿಜಿಯ ಬಗ್ಗೆ

ಎಂಟು ತಿಂಗಳ ಹಿಂದೆ ಕೊಂಡ 28 ಲೀಟರಿನ, 1600 ವಾಟ್‌ನ ಓಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ವಿದ್ಯುತ್ ಒಲೆ) ಕೇಕು, ಬಿಸ್ಕತ್ತು, ಪನೀರ್ ಟಿಕ್ಕಾ ಎಲ್ಲವನ್ನೂ ಮಾಡಿದ್ದೇನೆ. ಆದರೆ ಅದರ ಗುಣದೋಷಗಳು ಸರಿಯಾಗಿ ತಿಳಿದದ್ದು ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಬೆರೆಸಿದ ಖಾರಾ ಬ್ರೆಡ್ಡಿಗೆ ಕೈಹಾಕಿದಾಗಲೇ. ಕೇಕು ಹತ್ತು ನಿಮಿಷ ತಡವಾಗಿ ಬೆಂದರೆ ನಾನು ನನ್ನ ಹಿಟ್ಟನ್ನೇ ಅನುಮಾನಿಸುತ್ತಿದ್ದೆ. ಬ್ರೆಡ್ಡಿನ ವಿಷಯದಲ್ಲಿ ಹಾಗೆ ಸಮಾಧಾನಪಟ್ಟುಕೊಳ್ಳಲು ಆಗಲಿಲ್ಲ.

ಬೆಂಗಳೂರಿನವರಿಗೆ ಖಾರಾ ಬ್ರೆಡ್ ಎಂದರೆ ಅಯ್ಯಂಗಾರ್ ಬೇಕರಿಯ ರುಚಿಯೇ ನಾಲಿಗೆಗೆ ಬರುತ್ತದೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭವಾದಂದಿನಿಂದ ಬೆಳೆದು ಬಂದ ಆ ರುಚಿಯನ್ನು ಮನೆಯಲ್ಲಿ ತರುತ್ತೇನೆಂಬ ಹಟ ನನಗಿರಲಿಲ್ಲ. ಅದರ ಹತ್ತಿರಕ್ಕೆ ಹೋದರೂ ಸಾಕಿತ್ತು.

ಮುನ್ನೂರು ಗ್ರಾಂ ಮೈದಾಕ್ಕೆ ಒಂದು ಚಮಚ ಇನ್‌ಸ್ಟಂಟ್ ಯೀಸ್ಟ್, ಆರು ಗ್ರಾಂ ಉಪ್ಪು, ತುಸು ಸಕ್ಕರೆ, ಸುಮಾರು 180 ಮಿಲಿ ಉಗುರುಬೆಚ್ಚನೆಯ ನೀರು ಹಾಕಿ ನಾದಿ, ಕೊನೆಯಲ್ಲಿ ಬೆಣ್ಣೆಯನ್ನೂ ಹೆಚ್ಚಿದ ತರಕಾರಿಯನ್ನೂ ಸೇರಿಸಿದೆ. ಹಿಟ್ಟು ಚೆನ್ನಾಗಿಯೇ ಉಬ್ಬಿತು. ಡಯಲ್ಲನ್ನು 200 ಡಿಗ್ರಿಗೆ ತಿರುಗಿಸಿ ಮೂವತ್ತೈದು ನಿಮಿಷ ಬೇಯಿಸಿದ ಮೇಲೆ ನೆತ್ತಿ ಹೊಂಬಣ್ಣಕ್ಕೆ ಬಂದಿತ್ತು. ಕತ್ತರಿಸಿ ನೋಡಿದರೆ ತಳದ ಅರ್ಧ ಅಂಗುಲ ಹಸಿ ಕಡುಬಿನಂತೆ ಚಾಕುವಿಗೆ ಅಂಟಿಕೊಂಡಿತು.

ತಪ್ಪು ಅರ್ಧ ನನ್ನದೇ ಆಗಿತ್ತು. ಉಪ್ಪು ತಾಗಿದ ಈರುಳ್ಳಿ ಹಿಟ್ಟಿನೊಳಗೇ ನೀರು ಬಿಡುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಈರುಳ್ಳಿಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಗಟ್ಟಿಯಾಗಿ ಹಿಂಡಿ, ಆ ನೀರನ್ನು ಅಳತೆಯ ಲೋಟಕ್ಕೇ ಹಾಕಿ ಉಳಿದದ್ದನ್ನು ಸಾದಾ ನೀರಿನಿಂದ ತುಂಬಿಸುತ್ತೇನೆ. ಸವರಿದ ಉಪ್ಪನ್ನು ಹಿಟ್ಟಿನ ಪಾಲಿನಿಂದ ಕಳೆಯುತ್ತೇನೆ. ಸಬ್ಬಸಿಗೆಯನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿದ ಮೇಲಷ್ಟೇ ಹೆಚ್ಚುತ್ತೇನೆ.

ಉಳಿದ ಅರ್ಧ ತಪ್ಪು ಓಟಿಜಿಯದು. ಒಳಗಿಡುವ ಚಿಕ್ಕ ಓವನ್ ಥರ್ಮಾಮೀಟರ್ ತಂದು ನೋಡಿದಾಗ, ಡಯಲ್ 200 ಎಂದಾಗ ಒಳಗಿನ ಶಾಖ 165ರ ಆಸುಪಾಸಿನಲ್ಲೇ ಏರಿಳಿಯುತ್ತಿತ್ತು. ಖಾತರಿ ಅವಧಿ ಇನ್ನೂ ಇದ್ದುದರಿಂದ ಕಂಪನಿಗೆ ದೂರು ಕೊಟ್ಟೆ. ಬಂದ ತಂತ್ರಜ್ಞರು ಬಾಗಿಲು ತೆರೆದು ಮುಚ್ಚಿ, "ಎಲ್ಲಾ ಓಟಿಜಿಗಳೂ ಹೀಗೇ ಮೇಡಂ, ಸ್ವಲ್ಪ ಜಾಸ್ತಿ ಇಟ್ಕೊಳ್ಳಿ" ಎಂದು ಸಹಿ ಹಾಕಿಸಿಕೊಂಡು ಹೋದರು. ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಮೂವತ್ತೈದು ಡಿಗ್ರಿಯ ವ್ಯತ್ಯಾಸವಿರುವಾಗ ಡಯಲ್ಲಿನ ಮೇಲೆ ಅಂಕಿಗಳನ್ನು ಮುದ್ರಿಸುವುದಾದರೂ ಏಕೆ?

ಹಾಗಿದ್ದರೂ ಒಮ್ಮೆ ಅಂದಾಜು ಸಿಕ್ಕ ಮೇಲೆ ಇದು ಪ್ರಾಮಾಣಿಕವಾಗಿ ದುಡಿಯುವ ಯಂತ್ರ. ಡಯಲ್ಲನ್ನು 235ಕ್ಕೆ ಇಟ್ಟು, ಇಪ್ಪತ್ತು ನಿಮಿಷ ಖಾಲಿಯಾಗಿ ಕಾಯಿಸಿ, ಅಚ್ಚನ್ನು ಕೆಳಗಿನ ಕಂಬಿಯ ಮೇಲಿಟ್ಟು, ಅರ್ಧ ಸಮಯ ಕಳೆದ ಮೇಲೆ ಅದರ ದಿಕ್ಕು ಬದಲಿಸಿದರೆ ಬ್ರೆಡ್ ನಾಲ್ಕೂ ಕಡೆ ಒಂದೇ ಬಣ್ಣಕ್ಕೆ ಬರುತ್ತದೆ. ದಿಕ್ಕು ಬದಲಿಸದಿದ್ದರೆ ಹಿಂಬದಿಯ ಎಡ ಮೂಲೆ ಮಾತ್ರ ಕಪ್ಪಾಗುತ್ತದೆ. ಬೆಂದ ಬ್ರೆಡ್ಡನ್ನು ಅಚ್ಚಿನಿಂದ ತೆಗೆದು ತಳಕ್ಕೆ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರಬೇಕು. ಬಾರದಿದ್ದರೆ ಅಚ್ಚಿಲ್ಲದೆ ಇನ್ನೈದು ನಿಮಿಷ ಒಳಗಿಡುತ್ತೇನೆ.

ವಿದ್ಯುತ್ತಿನ ಖರ್ಚು ಒಂದು ಸಲಕ್ಕೆ ಒಂದು ಯೂನಿಟ್ಟಿನ ಆಸುಪಾಸು ಇರಬಹುದು. ಆರು ಆಂಪಿಯರಿನ ಸಾಮಾನ್ಯ ಸಾಕೆಟ್ಟು ಇದಕ್ಕೆ ಸಾಲದು, ಹದಿನಾರರದ್ದೇ ಬೇಕು. ಒಳಗಿನ ದೀಪ ಮಂಕು. ಉದುರಿದ ಚೂರುಗಳ ತಟ್ಟೆ ಸುಲಭವಾಗಿ ಹೊರಬರುತ್ತದೆ.

ನಾಲ್ಕನೆಯ ಬ್ರೆಡ್ಡನ್ನು ಮರುದಿನ ಬೆಳಿಗ್ಗೆ ಕಾವಲಿಯ ಮೇಲೆ ಬೆಣ್ಣೆ ಹಚ್ಚಿ ಬಿಸಿ ಮಾಡಿ ಅತ್ತೆಯವರಿಗೆ ಕೊಟ್ಟೆ. ಎರಡು ತುಂಡು ತಿಂದು, ಮೂರನೆಯದಕ್ಕೆ ಕೈಚಾಚುತ್ತಾ, ಸಬ್ಬಸಿಗೆ ಇನ್ನೂ ಒಂದು ಹಿಡಿ ಬೀಳಬೇಕಿತ್ತು ಎಂದರು.