ನಾಟಿ ಯಂತ್ರದ ಬಾಡಿಗೆ ಸೇವೆ: ಇಪ್ಪತ್ತು ಸೆಂಟಿನ ಗದ್ದೆಗೂ ಬರುತ್ತದೆಯೇ?

ದಕ್ಷಿಣ ಕೊಡಗಿನ ಒಂದು ಬಾಡಿಗೆ ಕೇಂದ್ರದ ಭತ್ತದ ನಾಟಿ ಸೇವೆ ಇದು. ಯಂತ್ರ ನಾಲ್ಕು ಸಾಲಿನದು, ಹಿಂದೆ ನಡೆದುಕೊಂಡು ಓಡಿಸುವಂಥದ್ದು. ಚಾಲಕ ಕೇಂದ್ರದಿಂದಲೇ ಬರುತ್ತಾನೆ. ಸಸಿ, ಕೆಸರು, ಬದುವಿನ ಕೆಲಸ ಗದ್ದೆಯವರದು.

ಇದರ ದೊಡ್ಡ ಗುಣವೆಂದರೆ ಪಹಣಿ ಕೇಳದಿರುವುದು. ಯಂತ್ರ ಕೊಳ್ಳಲು ಸಣ್ಣ ರೈತರಿಗೆ ಶೇ 50ರವರೆಗೆ ಸಹಾಯಧನವೇನೋ ಇದೆ. ಆದರೆ ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಎರಡೂ ಬೇಕು. ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ದಾಖಲೆಯಲ್ಲಿ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ, ಹೆಸರು ಮುಂದಿರುತ್ತದೆ, ಕೆಸರಿಗಿಳಿಯುವವರದು ಎಷ್ಟೋ ಸಲ ಹಿಂದುಳಿಯುತ್ತದೆ. ಗುತ್ತಿಗೆಗೆ ಗದ್ದೆ ಮಾಡುವವರ ಹೆಸರಂತೂ ಕಾಗದದಲ್ಲೇ ಇರುವುದಿಲ್ಲ. ಇಲ್ಲಿ ಫೋನ್ ನಂಬರು, ಮುಂಗಡ ಕೊಟ್ಟರೆ ಸಾಕು. 2014-15ರಲ್ಲಿ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಎಂಬ ಸರ್ಕಾರದ ಬಾಡಿಗೆ ಯಂತ್ರ ಯೋಜನೆ ಶುರುವಾದದ್ದೂ ಕೊಳ್ಳಲಾಗದವರಿಗೆ ಯಂತ್ರ ಸಿಗಲಿ ಎಂದೇ.

ಕೆಲಸ ಕೆಡುವುದು ಹೆಚ್ಚಾಗಿ ಸಸಿಯಲ್ಲಿ. ಯಂತ್ರಕ್ಕೆ ಸಸಿಯನ್ನು ಟ್ರೇಯಲ್ಲಿ ಬೆಳೆಸಬೇಕು, ಎಕರೆಗೆ 80ರಿಂದ 100 ಟ್ರೇ, 12ರಿಂದ 15 ಕೆ.ಜಿ. ಬೀಜ ಲೆಕ್ಕ. ಮಣ್ಣನ್ನು ಜರಡಿ ಹಿಡಿಯಲೇಬೇಕು, ಒಂದು ಸಣ್ಣ ಕಲ್ಲು ಸಿಕ್ಕಿದರೂ ಟ್ರೇಯಿಂದ ಸಸಿ ಕೀಳುವ ಯಂತ್ರದ ಉಗುರು ಬಾಗುತ್ತದೆ. ಬೀಜ ತೆಳುವಾಗಿ ಬಿದ್ದ ಜಾಗದಲ್ಲಿ ಉಗುರಿಗೆ ಬರೀ ಮಣ್ಣು ಬರುತ್ತದೆ, ಗದ್ದೆಯಲ್ಲಿ ಸಾಲು ಖಾಲಿ ಬೀಳುತ್ತದೆ. 15ರಿಂದ 20 ದಿನದ, ಗೇಣಿಗಿಂತ ಕಡಿಮೆ ಎತ್ತರದ ಸಸಿ ಸರಿ. ಚಾಪೆಯಂತೆ ಸುರುಳಿ ಸುತ್ತಿದರೆ ಹರಿಯಬಾರದು.

ಕೆಸರಿಗೂ ಹದ ಬೇಕು. ಟಿಲ್ಲರ್ ಹೊಡೆದ ಮೇಲೆ ಒಂದೆರಡು ದಿನ ಮಣ್ಣು ಕೂರಲಿ. ಬೆರಳಿನಿಂದ ಗೆರೆ ಎಳೆದು ನೋಡಿ: ಗೆರೆ ನಿಧಾನವಾಗಿ ಮುಚ್ಚಿಕೊಂಡರೆ ಹದ ಬಂದಿದೆ. ತಕ್ಷಣ ಮುಚ್ಚಿದರೆ ಸಸಿ ವಾಲುತ್ತದೆ, ಮುಚ್ಚದೇ ಇದ್ದರೆ ಬೇರು ಇಳಿಯುವುದಿಲ್ಲ. ನೀರು ಬೆರಳಗಲಕ್ಕಿಂತ ಹೆಚ್ಚಿದ್ದರೆ ನೆಟ್ಟದ್ದು ತೇಲುತ್ತದೆ. ತೋಡಿನ ಪಕ್ಕದ, ಮೊಣಕಾಲು ಹೂತುಹೋಗುವ ಗದ್ದೆಗೆ ಈ ಯಂತ್ರ ಬೇಡವೇ ಬೇಡ, ಚಕ್ರ ಹೂತರೆ ಎಳೆದು ತೆಗೆಯುವುದರಲ್ಲೇ ದಿನ ಮುಗಿಯುತ್ತದೆ.

ಇನ್ನು ದೂರು. ಬಾಡಿಗೆ ಗಂಟೆ ಲೆಕ್ಕದಲ್ಲಿ. ಮೆಟ್ಟಿಲಿನಂಥ ಸಣ್ಣ ಮಡಿಗಳಲ್ಲಿ ತಿರುಗಿಸುವುದು, ಹಲಗೆ ಹಾಕಿ ಬದು ದಾಟಿಸುವುದು, ಇದಕ್ಕೇ ಹೊತ್ತು ಹೋಗುತ್ತದೆ. ಹಾಗಾಗಿ ಇಪ್ಪತ್ತು ಸೆಂಟಿನವರಿಗೆ ಸೆಂಟಿನ ಲೆಕ್ಕದಲ್ಲಿ ಬೀಳುವ ದುಡ್ಡು ದೊಡ್ಡ ಗದ್ದೆಯವರಿಗಿಂತ ಹೆಚ್ಚು. ಎಕರೆ ಲೆಕ್ಕ ಮಾಡಿದರೆ ಈ ಅನ್ಯಾಯ ನಿಲ್ಲುತ್ತದೆ. ಜುಲೈ ಕೊನೆಯ ಗಡಿಬಿಡಿಯಲ್ಲಿ ಯಂತ್ರ ಮೊದಲು ದೊಡ್ಡ ಬಯಲಿಗೆ ಹೋಗುತ್ತದೆ, ಸಣ್ಣವರ ಸರದಿ ವಾರ ಮುಂದೆ ಬೀಳುತ್ತದೆ. ಒಂದು ವಾರವೆಂದರೆ ಸಣ್ಣ ಮಾತಲ್ಲ, ಅಷ್ಟರಲ್ಲಿ ಸಸಿಗೆ 25 ದಿನ ದಾಟಿ, ಬೇರು ಹೆಣೆದುಕೊಂಡು, ಉಗುರು ಎಳೆದಾಗ ಬುಡ ಹರಿಯುತ್ತದೆ. ಬೀಜ, ಮಣ್ಣು, ಕೂಲಿ ಎಲ್ಲವೂ ಹೋದಂತೆ.

ನಾಟಿಗೆ ಬರುತ್ತಿದ್ದ ಹೆಂಗಸರ ಕೂಲಿಯ ಮಾತೂ ಇದೆ. ಮೂಲೆ ತುಂಬಲು, ಟ್ರೇ ಹೊರಲು ಈಗಲೂ ಮೂರು ನಾಲ್ಕು ಜನ ಬೇಕು, ಆದರೆ ಮೊದಲಿನಷ್ಟಲ್ಲ. ಟ್ರೇ ಸಸಿ ಬೆಳೆಸಿ ಮಾರುವ ಕೆಲಸವನ್ನು ಊರಿನ ಸ್ವಸಹಾಯ ಸಂಘಕ್ಕೇ ಕೊಟ್ಟರೆ ಕಳೆದ ಕೂಲಿಯಲ್ಲಿ ಒಂದು ಪಾಲು ಅಲ್ಲೇ ಉಳಿಯುತ್ತದೆ. ಕೇಂದ್ರ ಇನ್ನೂ ಆ ಕಡೆ ನೋಡಿಲ್ಲ.

ಅಲ್ಲಿಯವರೆಗೆ ಒಂದೇ ತೋಡಿನ ನೀರಿನ ಐದಾರು ಮನೆಯವರು ಸೇರಿ, ಎರಡು ಮೂರು ಎಕರೆಯ ಒಂದೇ ಬುಕಿಂಗ್ ಮಾಡಿ. ಮೇಲಿನ ಮಡಿಯ ನೀರು ಕೆಳಗಿಳಿಯುವುದರಿಂದ ಕೆಸರನ್ನೂ ಒಟ್ಟಿಗೇ ಹೊಡೆಯಿರಿ. ಯಂತ್ರದ ದಿನ ಬರಹದಲ್ಲಿ ಸಿಕ್ಕಿದ ಮೇಲೆ, ಅಲ್ಲಿಂದ ಇಪ್ಪತ್ತು ದಿನ ಹಿಂದಕ್ಕೆ ಎಣಿಸಿ ಬೀಜ ನೆನೆಸಿ.